ಜನರೇಟರ್ ಎಳೆಯುತ್ತಿದ್ದ ಚಾಚಾ

ಚಾಚಾ ತೀರಿಕೊಂಡ ದಿನ ಅವರ ಮನೆಯಲ್ಲಿ ಹೆಂಗಸರ ನಡುವೆ ಕೂತಿದ್ದೆ. ಬಂದವರೆಲ್ಲ ಅವರನ್ನು ಹೊಗಳುತ್ತಿದ್ದರು. ಹೊಗಳಲಿ, ಬೇಡ ಅನ್ನುವವಳು ನಾನಲ್ಲ. ಆದರೆ ಯಾರೋ ಒಬ್ಬರು ‘ಎಂಥಾ ಶಾಂತ ಸ್ವಭಾವದ ಮನುಷ್ಯ’ ಅಂದುಬಿಟ್ಟರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆ ಅಂದುಕೊಂಡು ಪಕ್ಕದಾಕೆ ಬೆನ್ನು ಸವರಿದಳು. ನಿಜ ಹೇಳಬೇಕೆಂದರೆ ನಗು ತಡೆಯುತ್ತಿದ್ದೆ. ಆ ಮನುಷ್ಯನ ಪಕ್ಕದಲ್ಲಿ ಕೂತು ಒಮ್ಮೆ ಹತ್ತಿರದ ಹದಡಿಯವರೆಗೆ ಹೋಗಿ ಬಂದವರು ಕೂಡ ಹಾಗೆ ಹೇಳಲಾರರು.

ಸಿಟ್ಟು ಮೂಗಿನ ತುದಿಯಲ್ಲೇ. ಬಾಯಿ ತೆರೆದರೆ ಜಂಬ. ವಯಸ್ಸಿನಲ್ಲಿ ತಾನು ಮಂಜಿನಲ್ಲಿ ಘಾಟಿ ಇಳಿದದ್ದು, ಯಾವುದೋ ಮಿಲ್ಲಿನ ಬಾಯ್ಲರನ್ನು ಒಬ್ಬನೇ ಎಳೆದು ತಂದದ್ದು, ಒಂದು ಸಲ ಸರ್ಕಸ್ಸಿನ ಒಂಟೆಗಳನ್ನು ಸಾಗಿಸಿದ್ದು, ಹೀಗೆ ಕಥೆಗಳು. ಪ್ರತಿ ಸಲ ಹೇಳುವಾಗಲೂ ಬಾಯ್ಲರ್ ಸ್ವಲ್ಪ ದೊಡ್ಡದಾಗುತ್ತಿತ್ತು. ಇಷ್ಟಿದ್ದೂ ಅವರನ್ನು ನಾನು ಅಪ್ಪನಷ್ಟೇ ಹಚ್ಚಿಕೊಂಡಿದ್ದೆ. ಹಾಗೆ ಹಚ್ಚಿಕೊಂಡವರ ಕೈಗೆ ಅವರದೇ ಗಾಡಿಯ ಕೀ ಕೊಡುವುದಿಲ್ಲ ಎನ್ನಬೇಕಾದ ದಿನವೊಂದು ಬಂತು. ಅದನ್ನು ಬರೆಯಬೇಕು ಅನ್ನಿಸಿದೆ. ಹೆಸರು ಮಾತ್ರ ಬರೆಯುವುದಿಲ್ಲ. ಅದು ಅವರಿಗೆ ಇಷ್ಟವಾಗುತ್ತಿರಲಿಲ್ಲ.

ನಮ್ಮದು ದಾವಣಗೆರೆಯಲ್ಲಿ ಮದುವೆ, ಮುಂಜಿ, ಮೆರವಣಿಗೆಗಳಿಗೆ ಜನರೇಟರ್ ಬಾಡಿಗೆ ಕೊಡುವ ಕೆಲಸ. ಅಪ್ಪ ಶುರು ಮಾಡಿದ್ದು. ಜನರೇಟರನ್ನು ಎರಡು ಚಕ್ರದ ಟ್ರೈಲರಿನ ಮೇಲೆ ಕೂರಿಸಿದೆ; ಅದಕ್ಕೆ ತನ್ನದೇ ಇಂಜಿನ್ನಿನಿಂದ ಓಡುವ ಯೋಗವಿಲ್ಲ, ಯಾರಾದರೂ ಎಳೆಯಬೇಕು. ಎಳೆಯುತ್ತಿದ್ದುದು ಚಾಚಾ ಅವರ ಪಿಕಪ್. ಎಳೆಯುವ ಗಾಡಿ ಅವರದು, ಎಳೆಸಿಕೊಳ್ಳುವ ಗಾಡಿ ನಮ್ಮದು. ಅಪ್ಪನ ಕಾಲದಿಂದಲೂ ಇದೇ ಪಾಲುದಾರಿಕೆ. ಅಪ್ಪ ಹೋದ ಮೇಲೆ ಟ್ರೈಲರ್ ಜೊತೆಗೆ ಚಾಚಾ ಅವರ ಬೈಗುಳವೂ ನನ್ನ ಪಾಲಿಗೆ ಬಂತು. ನನ್ನ ಗಂಡ ಮೇಷ್ಟ್ರು, ಇಂಜಿನ್ನಿನ ಸದ್ದು ಕೇಳಿದರೆ ತಲೆನೋವು ಅನ್ನುವವರು. ಹಾಗಾಗಿ ಈ ಪ್ರಪಂಚಕ್ಕೆ ನಾನೊಬ್ಬಳೇ ವಾರಸುದಾರಳು.

ಚಾಚಾ ಎತ್ತರದ ಆಳು. ಮದರಂಗಿ ಹಚ್ಚಿದ ಗಡ್ಡ, ಗ್ರೀಸ್ ಮುಟ್ಟುವ ದಿನವೂ ಇಸ್ತ್ರಿಯ ಬಿಳಿ ಅಂಗಿ, ಕಿವಿಯ ಹಿಂದೆ ಅತ್ತರು. ಅತ್ತರು ಮತ್ತು ಡೀಸೆಲ್ ಸೇರಿದ ಆ ವಾಸನೆ ಬಂದರೆ ಬೆಳಿಗ್ಗೆ ಬೈಸಿಕೊಳ್ಳಲು ತಯಾರಾಗುತ್ತಿದ್ದೆ. ನನ್ನನ್ನು ‘ಅವ್ವಾ’ ಎಂದು ಕರೆಯುತ್ತಿದ್ದರು, ಬೈಯುವಾಗಲೂ.

ಟ್ರೈಲರ್ ಕಟ್ಟುವ ವಿಷಯದಲ್ಲಿ ಅವರದೇ ಕಾನೂನುಗಳಿದ್ದವು. ನಮ್ಮ ಕಡೆಯ ಹುಡುಗರು, ಛತ್ರದ ಆಳುಗಳು, ಎಲ್ಲರಿಗೂ ಒಂದು ಕೆಟ್ಟ ಅಭ್ಯಾಸ: ವೈರಿನ ಸುರುಳಿ, ದೀಪದ ಕಂಬ, ಡೀಸೆಲ್ ಕ್ಯಾನು, ಏನೇ ಇದ್ದರೂ ಟ್ರೈಲರಿನ ಹಿಂಭಾಗಕ್ಕೆ ತುಂಬುತ್ತಾರೆ. ಹಿಂದೆ ಭಾರವಾದರೆ ಟ್ರೈಲರಿನ ಮುಂದಿನ ಮೂತಿ ಹಗುರಾಗುತ್ತದೆ, ಒಬ್ಬನೇ ಕೈಯಲ್ಲಿ ಎತ್ತಿ ಪಿಕಪ್ಪಿನ ಕೊಕ್ಕೆಗೆ ಸಿಕ್ಕಿಸಬಹುದು. ಬೆನ್ನು ಉಳಿಯುತ್ತದೆ, ಸರಿ. ಆದರೆ ಹಾಗೆ ಮೂತಿ ಹಗುರಾದ ಟ್ರೈಲರ್ ರಸ್ತೆಯಲ್ಲಿ ವೇಗಕ್ಕೆ ಬಂದರೆ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಕೊನೆಗೆ ಮುಂದಿನ ಗಾಡಿಯನ್ನೇ ಉರುಳಿಸುತ್ತದೆ. ಚಾಚಾ ಬಂದವರೇ ಮೊದಲು ಮೂತಿ ಎತ್ತಿ ನೋಡುತ್ತಿದ್ದರು. ಸಲೀಸಾಗಿ ಬಂತೋ, ಮುಗಿಯಿತು. ತುಂಬಿದ್ದನ್ನೆಲ್ಲ ಇಳಿಸಿ ಮುಂದಕ್ಕೆ ಹಾಕಿಸುವವರೆಗೆ ಅಲ್ಲಿದ್ದವರ ವಂಶಾವಳಿಯೆಲ್ಲ ಹೊರಬರುತ್ತಿತ್ತು.

ಕೊಕ್ಕೆಗೆ ಪಿನ್ನು ಹಾಕಿದ ಮೇಲೆ ಎರಡು ಸರಪಳಿಗಳನ್ನು ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟುತ್ತಿದ್ದರು. ಪಿನ್ನು ಕೈಕೊಟ್ಟರೂ ಮೂತಿ ನೆಲಕ್ಕೆ ಬೀಳದೆ ಆ ಸರಪಳಿಗಳ ಮೇಲೆ ಕೂರಬೇಕು ಎನ್ನುವುದು ಅವರ ಲೆಕ್ಕ. ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೂ ಟೀಗಿಂತ ಮೊದಲು ಟ್ರೈಲರಿನ ಒಂದೊಂದು ಚಕ್ರದ ನಡುಭಾಗಕ್ಕೂ ಅಂಗೈಯ ಹಿಂಬದಿ ತಾಗಿಸಿ ಬಿಸಿ ನೋಡುತ್ತಿದ್ದರು, ಮಗುವಿಗೆ ಜ್ವರ ನೋಡಿದಂತೆ. ‘ಎಳೆಯಾಕೆ ಎಮ್ಮೆನೂ ಎಳೀತೈತೆ, ನಿಲ್ಸಾಕೆ ಬರ್ಬೇಕು’ ಅನ್ನುತ್ತಿದ್ದರು. ಮುಂದಿನ ಲಾರಿಗೂ ತಮಗೂ ನಡುವೆ ಅವರು ಬಿಡುತ್ತಿದ್ದ ಜಾಗದಲ್ಲಿ ಮೂರು ಆಟೋಗಳು ನುಗ್ಗುತ್ತಿದ್ದವು. ನುಗ್ಗಿದಷ್ಟೂ ಇವರು ಹಿಂದೆ ಸರಿಯುತ್ತಿದ್ದರು, ಬೈಯುತ್ತಲೇ.

ಮಾಯಕೊಂಡದಲ್ಲಿ ಒಂದು ಮದುವೆಯ ಮೆರವಣಿಗೆ. ದೀಪಗಳಿಗೆ ನಮ್ಮದೇ ಜನರೇಟರ್, ಹಿಂದೆ ನಿಧಾನಕ್ಕೆ ಹೋಗುತ್ತಿತ್ತು. ಮದುಮಗನ ಸೋದರಮಾವ ಉತ್ಸಾಹ ಹೆಚ್ಚಾಗಿ ಪಿಕಪ್ಪಿಗೂ ಟ್ರೈಲರಿಗೂ ನಡುವಿನ ಕಬ್ಬಿಣದ ಮೇಲೆ ಹತ್ತಿ ನಿಂತು ಕುಣಿಯತೊಡಗಿದ. ಚಾಚಾ ಗಾಡಿ ನಿಲ್ಲಿಸಿದರು. ಜನರೇಟರನ್ನೂ ಆಫ್ ಮಾಡಿಸಿದರು. ಊರ ನಡುಬೀದಿ ಕತ್ತಲಾಯಿತು. ಮಾವ ಇಳಿಯಲೊಲ್ಲ, ಇವರು ಬಿಡಲೊಲ್ಲರು. ಬ್ಯಾಂಡಿನವರು ಕತ್ತಲಲ್ಲೇ ಬಾರಿಸುತ್ತಿದ್ದರು. ಕೊನೆಗೆ ಮದುಮಗನೇ ಕುದುರೆಯಿಂದಿಳಿದು ಬಂದು ಮಾವನ ಕೈ ಹಿಡಿದು ಇಳಿಸಿದ. ಆ ಮನೆಯವರು ಮತ್ತೆಂದೂ ನಮ್ಮನ್ನು ಕರೆಯಲಿಲ್ಲ. ‘ಕರೀದಿದ್ರೆ ಬಿಡು, ಅವ ಸತ್ತು ಬೈಸಿಕೊಳ್ಳೋದಕ್ಕಿಂತ ಅವ ಬದುಕಿ ಬೈಸಿಕೊಳ್ಳಾಣ’ ಎಂದರು ಚಾಚಾ.

ಕೊನೆಕೊನೆಗೆ ಇನ್ನೊಂದು ಕಾನೂನು ಸೇರಿಕೊಂಡಿತು. ಎಡ ಸೀಟಿನಲ್ಲಿ ಕೂತವರು ಸುಮ್ಮನೆ ಕೂರುವಂತಿಲ್ಲ. ಎಡಗನ್ನಡಿ ನೋಡುತ್ತಾ ‘ಸೈಕಲ್’, ‘ಎಮ್ಮೆ’, ‘ಖಾಲಿ’ ಎಂದು ಹೇಳುತ್ತಲೇ ಇರಬೇಕು. ಹೇಳುವುದು ತಪ್ಪಿದರೆ ಗಾಡಿ ನಿಧಾನವಾಗುತ್ತಿತ್ತು, ಬೈಗುಳ ಜೋರಾಗುತ್ತಿತ್ತು. ಎಡ ಸೀಟಿನಲ್ಲಿ ಕೂರುತ್ತಿದ್ದ, ಜನರೇಟರ್ ನಡೆಸುವ ನಮ್ಮ ಆಪರೇಟರ್ ನನ್ನ ಹತ್ತಿರ ಗೋಳಾಡಿದ್ದ, ಬಾಯಿ ಒಣಗುತ್ತದೆ ಎಂದು. ಟ್ರೈಲರಿನ ಎಡ ಚಕ್ರ ತಿರುವಿನಲ್ಲಿ ಒಳಕ್ಕೆ ಕತ್ತರಿಸುತ್ತದಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಒಳ್ಳೆಯದೇ ಅಲ್ಲವೇ ಅಂತ ಅವನಿಗೇ ಬುದ್ಧಿ ಹೇಳಿದೆ. ಅದೇ ಸುಮಾರಿಗೆ ಚಾಚಾ ಕೆಲವು ಛತ್ರಗಳನ್ನು ಒಲ್ಲೆ ಅನ್ನತೊಡಗಿದರು. ಅಲ್ಲಿ ಊಟ ಸರಿಯಿಲ್ಲ, ಇಲ್ಲಿ ಮ್ಯಾನೇಜರ್ ಸರಿಯಿಲ್ಲ. ಎಲ್ಲವೂ ಇಕ್ಕಟ್ಟಿನ ಗೇಟಿನ ಛತ್ರಗಳು, ಹಿಮ್ಮುಖವಾಗಿ ಟ್ರೈಲರ್ ಒಳಗೆ ಹಾಕಬೇಕಾದಂಥವು. ಒಂದು ಕಾಲಕ್ಕೆ ಇವರು ಹಿಮ್ಮುಖ ಹಾಕುವುದನ್ನು ನೋಡಲು ಜನ ನಿಲ್ಲುತ್ತಿದ್ದರು.

ಆಪರೇಟರ್ ರಜೆಯಲ್ಲಿದ್ದ ಒಂದು ದಿನ ಹರಿಹರದ ಮದುವೆಗೆ ನಾನೇ ಹೋಗಬೇಕಾಯಿತು. ಬೆಳಿಗ್ಗೆ ಹೋಗುವಾಗ ದಾರಿಯುದ್ದ ಎಡ ಎಡ ಎಂದು ಹೇಳಿ ನನಗೂ ಗಂಟಲು ಕಟ್ಟಿತು. ಮುಹೂರ್ತ ಮುಗಿಯಿತು, ಊಟವೂ ಆಯಿತು. ಛತ್ರದ ಆಳುಗಳು ನಮ್ಮ ಸಾಮಾನು ಟ್ರೈಲರಿಗೆ ತುಂಬುತ್ತಿದ್ದರು. ಚಾಚಾ ಪಿಕಪ್ಪಿನಲ್ಲಿ ಸ್ಟೇರಿಂಗಿನ ಮುಂದೆ ಕೂತು ನಡುಗನ್ನಡಿಯಲ್ಲಿ ಗಡ್ಡ ಬಾಚಿಕೊಳ್ಳುತ್ತಿದ್ದರು. ನಾನು ಮಜ್ಜಿಗೆಯ ಲೋಟ ತಂದು ಎಡಬಾಗಿಲಿಂದ ಒಳಗೆ ಕೈ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಜಂಬ ಮಾಡುತ್ತಿದ್ದಾರೆ ಎಂದುಕೊಂಡು ಸೀಟಿನ ಮೇಲೆ ಬಗ್ಗಿ ಲೋಟವನ್ನು ಇನ್ನೂ ಹತ್ತಿರ ಹಿಡಿದೆ. ಕೆನ್ನೆಗೂ ಲೋಟಕ್ಕೂ ಒಂದು ಗೇಣು. ಅವರು ತಣ್ಣಗೆ ಬಾಚುತ್ತಲೇ ಇದ್ದರು. ಲೋಟವನ್ನು ಮೇಲೆ ಕೆಳಗೆ ಆಡಿಸಿದೆ. ರೆಪ್ಪೆ ಕೂಡ ಹೊಡೆಯಲಿಲ್ಲ.

ಸದ್ದು ಮಾಡದೆ ಹಿಂದೆ ಸರಿದು, ಗಾಡಿ ಸುತ್ತಿ ಬಲಗಡೆಗೆ ಬಂದೆ. ‘ಎಲ್ಲಿ ಹೋಗಿದ್ದವ್ವಾ ಇಷ್ಟೊತ್ತು’ ಎಂದು ಕೈ ಚಾಚಿ ಲೋಟ ತೆಗೆದುಕೊಂಡರು.

ಕುಡಿಯುವವರೆಗೆ ಕಾದೆ. ಆಮೇಲೆ ಬಲಗಣ್ಣು ಮುಚ್ಚಿಕೊಂಡು ನನ್ನ ಬಳೆ ಯಾವ ಬಣ್ಣದ್ದು ಹೇಳಿ ಎಂದೆ. ಅವರ ಮುಖ ಕೆಂಪಾಯಿತು. ನಿನ್ನನ್ನೇನು ಆಸ್ಪತ್ರೆಯವಳು ಅಂದುಕೊಂಡಿದ್ದೀಯಾ ಎಂದು ಕೂಗಿದರು. ನಾನು ಅಲುಗಾಡಲಿಲ್ಲ. ಕೂಗು ಮುಗಿದ ಮೇಲೆ ಅವರು ಲೋಟದ ತಳ ನೋಡುತ್ತಾ ಕೂತರು.

‘ನರ ಸತ್ತೈತಂತೆ. ಆ ಕಣ್ಣು ಮತ್ತೆ ಬರಾಂಗಿಲ್ಲ ಅಂದ್ರು. ಹುಬ್ಬಳ್ಳ್ಯಾಗ ತೋರ್ಸಿದ್ದೆ, ಇಲ್ಲಿ ಯಾರಿಗೂ ಗೊತ್ತಾಗಬಾರ್ದು ಅಂತ.’

ಯಾವಾಗಿನಿಂದ ಎಂದು ಕೇಳಿದೆ. ರಂಜಾನಿಗೂ ಮುಂಚಿನಿಂದ ಎಂದರು. ಅಂದರೆ ಒಂದಿಡೀ ಮದುವೆ ಕಾಲ ಈ ಮನುಷ್ಯ ಒಂದೇ ಕಣ್ಣಿನಲ್ಲಿ, ಎಡಕ್ಕೆ ಏನೂ ಕಾಣದೆ, ಹಿಂದೆ ಅಷ್ಟು ಭಾರ ಕಟ್ಟಿಕೊಂಡು ಜನರ ನಡುವೆ ಓಡಾಡಿದ್ದಾರೆ. ನಮ್ಮ ಆಪರೇಟರನ ಬಾಯಿಯೇ ಅವರ ಎಡಗಣ್ಣಾಗಿತ್ತು. ಅವನು ಒಂದು ಸಲ ಆಕಳಿಸಿದ್ದರೆ ಏನಾಗುತ್ತಿತ್ತು? ಸಿಟ್ಟು ಬಂತು, ಬಹಳ ಸಿಟ್ಟು. ಅದರ ಜೊತೆಗೇ ಅವರ ಕೈಯಲ್ಲಿದ್ದ ಆ ಖಾಲಿ ಲೋಟ ನೋಡಿ ಅಳುವೂ ಬಂತು.

‘ಇಳೀರಿ ಚಾಚಾ. ಇನ್ನು ನೀವು ಓಡಿಸಬ್ಯಾಡ್ರಿ.’

ಬೇರೆ ಡ್ರೈವರನ್ನು ಕರೆಸುತ್ತೇನೆ ಎಂದೆ. ಅದಕ್ಕೆ ಅವರು ಒಪ್ಪಲಿಲ್ಲ. ಹರಿಹರದಲ್ಲಿ ಇನ್ನೊಬ್ಬ ಡ್ರೈವರ್ ಬಂದು ಇವರ ಗಾಡಿ ಹತ್ತಿದರೆ ಸಂಜೆಯೊಳಗೆ ಗೂಡ್ಸ್ ಗಾಡಿಗಳ ಸ್ಟ್ಯಾಂಡಿನಲ್ಲೆಲ್ಲ ಸುದ್ದಿ. ಈ ಒಂದು ಸಲ ಬಿಡು, ನಿಧಾನಕ್ಕೆ ಹೋಗೋಣ ಎಂದರು. ಅವರು ಹಾಗೆ ಬೇಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಸಂಜೆಗೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಒಂದು ನಿಶ್ಚಿತಾರ್ಥಕ್ಕೆ ಜನರೇಟರ್ ಒಪ್ಪಿಕೊಂಡಾಗಿತ್ತು. ಕೊನೆಗೆ ನಾನೇ ಓಡಿಸುತ್ತೇನೆ ಎಂದೆ. ಪಿಕಪ್ ಖಾಲಿ ಇದ್ದಾಗ ಡೀಸೆಲ್ ಹಾಕಿಸಲು ಎಷ್ಟೋ ಸಲ ಒಯ್ದಿದ್ದೆ, ಲೈಸೆನ್ಸೂ ಇತ್ತು. ಹಿಂದೆ ಟ್ರೈಲರ್ ಕಟ್ಟಿಕೊಂಡು ಮಾತ್ರ ಒಂದು ಮಾರೂ ಹೋಗಿರಲಿಲ್ಲ. ಚಾಚಾ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಇಳಿದು, ಗಾಡಿಯ ಮುಂದಿನಿಂದ ಸುತ್ತಿ ಬಂದು ಎಡ ಸೀಟಿನಲ್ಲಿ ಕೂತರು. ಅಷ್ಟರಲ್ಲಿ ಆಳುಗಳು ಟ್ರೈಲರ್ ಸಿಕ್ಕಿಸಿ, ಸರಪಳಿ ಕಟ್ಟಿ, ಆಯಿತು ಎಂದು ಕೈ ಬೀಸಿದರು.

ಛತ್ರದ ಬೀದಿಯಿಂದ ಮೊದಲ ತಿರುವೇ ಎಡಕ್ಕೆ. ಮೂಲೆಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ. ಸತ್ತ ಕಣ್ಣಿನ ಕಡೆಗೆ ನೋಡಲು ಚಾಚಾ ಕುತ್ತಿಗೆಯನ್ನಷ್ಟೇ ತಿರುಗಿಸಿದರೆ ಸಾಲದು. ಸೊಂಟದಿಂದ ಮೇಲೆ ಪೂರ್ತಿ ತಿರುಗಿ, ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಮುಂದಕ್ಕೆ ಹೋಗು, ಇನ್ನೂ ಹೋಗು, ಈಗ ತಿರುಗಿಸು ಎಂದರು. ನಾನು ಗಡಿಬಿಡಿಯಲ್ಲಿ ಬೇಗನೆ ತಿರುಗಿಸಿಬಿಟ್ಟೆ. ನಿಲ್ಲು ಎಂದು ಬಾಗಿಲು ಬಡಿದರು. ಟ್ರೈಲರಿನ ಚಕ್ರ ಮುದುಕಿಯ ಬುಟ್ಟಿಯ ಅಂಚಿಗೆ ಬಂದು ನಿಂತಿತ್ತು. ಮುದುಕಿ ಬುಟ್ಟಿ ಎಳೆದುಕೊಂಡು ನನಗೆ ಹಿಡಿಶಾಪ ಹಾಕಿದಳು. ಬೈಯಬೇಕಾದ ಚಾಚಾ ಸುಮ್ಮನಿದ್ದರು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಹೆದ್ದಾರಿಗೆ ಬಂದ ಮೇಲೆ ಸ್ವಲ್ಪ ಧೈರ್ಯ ಬಂತು. ಮೇಲ್ಸೇತುವೆ ಹತ್ತಿದೆ. ಇಳಿಜಾರಿನಲ್ಲಿ ಗಾಡಿ ತಾನಾಗಿ ವೇಗ ಹಿಡಿಯಿತು. ಆಗಲೇ ಬಲಗಡೆಯಿಂದ ಒಂದು ದೊಡ್ಡ ಲಾರಿ ಬಿರುಗಾಳಿ ಎಬ್ಬಿಸಿಕೊಂಡು ದಾಟಿಹೋಯಿತು. ಹಿಂದೆ ಏನೋ ತುಸು ಜಗ್ಗಿದಂತಾಯಿತು. ಕನ್ನಡಿಯಲ್ಲಿ ಟ್ರೈಲರ್ ಕಾಣಿಸಿತು, ಮರೆಯಾಯಿತು, ಮತ್ತೆ ಕಾಣಿಸಿತು. ಅದು ಅತ್ತ ಇತ್ತ ತೂಗುತ್ತಿತ್ತು. ಪ್ರತಿ ತೂಗಿಗೂ ನಮ್ಮ ಪಿಕಪ್ಪಿನ ಹಿಂಭಾಗವನ್ನು ತನ್ನ ಕಡೆಗೆ ಎಳೆಯುತ್ತಿತ್ತು. ಸ್ಟೇರಿಂಗ್ ನನ್ನ ಕೈಯಲ್ಲಿದೆ ಎನ್ನುವುದು ಬರೀ ಹೆಸರಿಗೆ. ನನ್ನ ಕಾಲು ಬ್ರೇಕಿನ ಮೇಲೆ ಹೋಗುತ್ತಿದ್ದುದನ್ನು ಚಾಚಾ ನೋಡಿದರು.

‘ಬ್ರೇಕ್ ಮುಟ್ಟಬ್ಯಾಡ. ಎರಡೂ ಕಾಲು ಮೇಲೆ ತಗಿ. ಸ್ಟೇರಿಂಗ್ ನೆಟ್ಟಗೆ ಹಿಡ್ಕೊ, ಅದ್ರ ಜೋಡಿ ಗುದ್ದಾಡಬ್ಯಾಡ.’

ಅವರ ದನಿ ಏರಲಿಲ್ಲ. ಮನೆಯಲ್ಲಿ ಕೂತು ಟೀ ಕೇಳುವ ದನಿ. ಪೂರ್ತಿ ಮೈ ತಿರುಗಿಸಿ ಎಡಕ್ಕೆ ನೋಡಿದರು. ಎಡಕ್ಕೆ ಬೈಕಿದೆ, ಗಂಡ ಹೆಂಡತಿ, ಮಡಿಲಲ್ಲಿ ಕೂಸು, ಅವರು ಹಿಂದೆ ಬೀಳುತ್ತಿದ್ದಾರೆ, ನೀನು ನೆಟ್ಟಗಿರು, ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದರು. ನೆಟ್ಟಗೆ ಹಿಡಿಯುವುದು ಸುಲಭವಲ್ಲ. ಗಾಡಿ ಎಡಕ್ಕೆ ಎಳೆದಾಗ ಕೈ ತಾನಾಗಿ ಬಲಕ್ಕೆ ಹೋಗುತ್ತದೆ. ಅದನ್ನು ತಡೆಯಲು ಹಲ್ಲು ಕಚ್ಚಿಕೊಂಡೆ. ಟ್ರೈಲರ್ ಇನ್ನೂ ಎರಡು ಸಲ ಜೋರಾಗಿ ತೂಗಿತು. ಆಮೇಲೆ ಸ್ವಲ್ಪ ಕಡಿಮೆ. ಇಳಿಜಾರು ಮುಗಿದು ರಸ್ತೆ ಸಮವಾಯಿತು, ವೇಗ ಇಳಿಯಿತು, ತೂಗಾಟ ನಿಂತಿತು. ಬೈಕಿನವರು ನಮ್ಮನ್ನು ದಾಟಿ ಹೋಗುವಾಗ ಆ ಹೆಂಗಸು ತಿರುಗಿ ನೋಡಿದಳು. ಕೂಸು ನಿದ್ದೆ ಮಾಡುತ್ತಿತ್ತು.

ಪಕ್ಕಕ್ಕೆ ನಿಲ್ಲಿಸಿದೆ. ಚಾಚಾ ಬಗ್ಗಿ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿದರು. ಇಳಿದು ಹೋಗಿ ಟ್ರೈಲರಿನ ಹಿಂಬಾಗಿಲು ತೆರೆದರು. ವೈರಿನ ಸುರುಳಿಗಳೆಲ್ಲ ಬಾಲದಲ್ಲಿ ರಾಶಿ ಬಿದ್ದಿದ್ದವು. ಮೂತಿ ಹಗುರಾಗಲಿ ಎಂದು ಆಳುಗಳು ಎಂದಿನಂತೆ ಹಿಂದಕ್ಕೇ ತುಂಬಿದ್ದರು. ಚಾಚಾ ಆವತ್ತು ಮೂತಿ ಎತ್ತಿ ನೋಡಿರಲಿಲ್ಲ. ಅವರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಇಸ್ತ್ರಿಯ ಅಂಗಿಗೆ ಧೂಳು ಮೆತ್ತುತ್ತದೆ ಎಂಬ ಗ್ಯಾನವೂ ಇರಲಿಲ್ಲ.

‘ಇದನ್ನ ನೋಡಾಕೆ ಕಣ್ಣು ಬೇಕಾಗಿರ್ಲಿಲ್ಲ ಅವ್ವಾ. ಕುರುಡನೂ ಕೈಯಾಗೆ ಎತ್ತಿ ಹೇಳ್ತಾನೆ. ನಿಂಗೆ ಗೊತ್ತಾತಲ್ಲ ಅನ್ನೋ ಫಿಕರ್ ಒಳಗೆ ಮರ್ತೆ.’

ಇಬ್ಬರೂ ಸೇರಿ ಸುರುಳಿಗಳನ್ನು ಮುಂದಕ್ಕೆ ಸಾಗಿಸಿದೆವು. ಅವರು ಮೂತಿಯ ಭಾರ ನೋಡಿದರು, ಸರಪಳಿ ನೋಡಿದರು, ಚಕ್ರ ಮುಟ್ಟಿದರು. ಉಳಿದ ದಾರಿಯನ್ನು ಸೈಕಲ್ಲಿನವರೂ ಹಿಂದೆ ಹಾಕುವಷ್ಟು ನಿಧಾನಕ್ಕೆ ಕ್ರಮಿಸಿದೆವು.

ಊರು ಸೇರಿ, ನಿಶ್ಚಿತಾರ್ಥದ ಮನೆಯ ಮುಂದೆ ಟ್ರೈಲರ್ ಬಿಚ್ಚಿ, ಖಾಲಿ ಪಿಕಪ್ಪನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದೆ. ಚಾಚಾ ಇಳಿದು ಕೀಗಾಗಿ ಕೈ ಚಾಚಿದರು. ಕೊಡುವುದಿಲ್ಲ ಎಂದೆ.

‘ಗಾಡಿ ನಂದು’ ಎಂದರು.

‘ಹೌದ್ರಿ, ನಿಮ್ದೇ. ಮಗನ್ನ ಕಳಿಸ್ರಿ, ಅವನ ಕೈಯಾಗೆ ಕೊಡ್ತೀನಿ. ನಿಮ್ಮ ಕೈಯಾಗೆ ಕೊಡಲ್ಲ.’

ಮಗನಿಗೆ ಕೊಟ್ಟರೆ ಯಾಕೆ ಎಂದು ಹೇಳಬೇಕಾಗುತ್ತದೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನಿಮ್ಮಪ್ಪ ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದರು. ಆ ಮಾತು ನಾಟಿತು. ಮಾಡುತ್ತಿರಲಿಲ್ಲ, ನಿಜ, ಅಪ್ಪ ಮೆತ್ತಗಿನವರು. ಆದರೂ ನಾನು ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನಿಂತೆ. ಮಡಿಲಲ್ಲಿ ಮಲಗಿದ್ದ ಆ ಕೂಸು ಕಣ್ಣ ಮುಂದೆ ಬರುತ್ತಿತ್ತು. ಚಾಚಾ ತಿರುಗಿ ನಡೆದುಕೊಂಡೇ ಹೋದರು. ರಸ್ತೆ ದಾಟುವಾಗ ಮೈ ಪೂರ್ತಿ ತಿರುಗಿಸಿ ಎಡಕ್ಕೆ ನೋಡಿದರು.

ಆಮೇಲೆ ಸುದ್ದಿಯಿಲ್ಲ. ಮಗ ಬರಲಿಲ್ಲ, ಫೋನೂ ಇಲ್ಲ. ಪಿಕಪ್ ನಮ್ಮ ಮನೆಯ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು. ಬಂದ ಕೆಲಸಗಳನ್ನು ಬಿಡಬೇಕಾಯಿತು. ನನ್ನ ಗಂಡ, ಹೋಗಿ ಮಾತಾಡಿಸಿ ಬಾ ಎಂದರು. ಹೋಗಲಿಲ್ಲ. ಹೋದರೆ ಸೋತು ಕೀ ಕೊಟ್ಟು ಬರುತ್ತೇನೆ ಎಂದು ನನಗೆ ನನ್ನ ಮೇಲೇ ನಂಬಿಕೆ ಇರಲಿಲ್ಲ. ಅಷ್ಟು ವರ್ಷದ ಬಂಧ ಹೀಗೆ ಬೀದಿಯಲ್ಲಿ ಮುಗಿಯಿತು ಎಂದುಕೊಂಡೆ. ರಾತ್ರಿ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಹೊರಬಂದರೆ ಪಿಕಪ್ಪಿನ ಬಲಬಾಗಿಲು ತೆರೆದಿದೆ, ಎರಡು ಉದ್ದನೆಯ ಕಾಲುಗಳು ಹೊರಗೆ ಚಾಚಿವೆ. ಗಾಡಿಯ ಬೀಗವನ್ನು ಕೀ ಇಲ್ಲದೆ ಹೇಗೆ ತೆರೆದರೋ ಕೇಳಲಿಲ್ಲ. ಚಾಚಾ ಡ್ರೈವರ್ ಸೀಟಿನ ಅಡಿಗೆ ತಲೆ ಹಾಕಿ ಸ್ಪ್ಯಾನರ್ ತಿರುವುತ್ತಿದ್ದರು. ಆ ಸೀಟು ಅವರ ಕಾಲಿನ ಅಳತೆಗೆ ಹಿಂದಕ್ಕೆ ಸರಿಸಿದ್ದು, ವರ್ಷಗಟ್ಟಲೆ ಕದಲದೆ ತುಕ್ಕು ಹಿಡಿದು ಕೂತಿತ್ತು. ಹರಿಹರದಿಂದ ನಾನು ಸೀಟಿನ ತುದಿಗೆ ಜಾರಿ ಕೂತು, ಕಾಲಿನ ಹೆಬ್ಬೆರಳಿನಲ್ಲಿ ಕ್ಲಚ್ ಒತ್ತಿಕೊಂಡು ಬಂದದ್ದನ್ನು ಒಂದೇ ಕಣ್ಣಿನ ಆ ಮನುಷ್ಯ ನೋಡಿದ್ದರು. ಎಣ್ಣೆ ಬಿಟ್ಟರು, ಬಡಿದರು, ಎಳೆದರು. ಕರ್ರೆಂದು ಸೀಟು ಮುಂದಕ್ಕೆ ಬಂತು.

‘ಹತ್ತಿ ಕೂಡವ್ವಾ. ಕ್ಲಚ್ ಪೂರಾ ಒತ್ತು. ಸಿಗ್ತೈತಾ?’

ಸಿಗುತ್ತದೆ ಎಂದೆ. ಇನ್ನೂ ಸ್ವಲ್ಪ ಮುಂದೆ ಬೇಕಾ ಎಂದು ಕೇಳಿದರು. ಸಾಕು ಚಾಚಾ ಎಂದೆ. ಅವರ ಕಾಲುಗಳಿಗೆ ಆ ಸೀಟಿನಲ್ಲಿ ಇನ್ನು ಜಾಗವಿರಲಿಲ್ಲ. ಅವರು ಮತ್ತೆ ಕೆಳಗೆ ಬಗ್ಗಿ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದರು.